ಛಾಯಾಚಿತ್ರಶಾಲೆಯಲ್ಲಿ ಬೆಳಕಿನ ವಿನಿಯೋಗ

ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಗರ್ಭಗುಡಿಯಲ್ಲಿ ಬೆಳ್ಳಿಯ ಜೋಡಿ ಮುಖಗಳಿವೆ. ಒಂದು ಶರಣಬಸವೇಶ್ವರರದು, ಮತ್ತೊಂದು ಅವರ ಗುರುಗಳಾದ ಮರುಳಾರಾಧ್ಯರದು. ದೇಹಗಳೆರಡಾದರೂ ಆತ್ಮವೊಂದೇ ಎಂಬುದು ಅದರ ಭಾವವು. ಶರಣರು ಲಿಂಗೈಕ್ಯರಾದುದು 1822ನೆಯ ಇಸವಿಯಲ್ಲಿ. ಫ್ರಾನ್ಸ್ ದೇಶದ ಡಾಗೇರನ ಛಾಯಾಚಿತ್ರವಿಧಾನವು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ನಡುವಣ ಅಂತರವು ಹದಿನೇಳೇ ವರ್ಷಗಳಾದರೂ, ಅದರಿಂದ ಶರಣರ ಮುಖವನ್ನು ಭಕ್ತರು ಶಿಲ್ಪಿಗಳ ಮತ್ತು ಚಿತ್ರಕಾರರ ಕೈಯಿಂದಲೇ ಕಾಣಬೇಕಾಯಿತು. ಮುಂದಿನ ಪೀಳಿಗೆಗಳ ಮುಖಗಳನ್ನಾದರೋ ಬೆಳಕೇ ಬರೆದಿಟ್ಟಿತು. ಅಲ್ಲಿಯೂ ಮುಖವನ್ನು ಧರಿಸಿದ ವಸ್ತುವು ಬೆಳ್ಳಿಯೇ ಎಂಬುದು ಗಮನಿಸತಕ್ಕ ಸಂಗತಿ. ಗಾಜಿನ ಫಲಕಕ್ಕೆ ಲೇಪಿಸಿದ ಬೆಳ್ಳಿಯ ಲವಣವು ಬೆಳಕು ತಾಗಿದೆಡೆಯಲ್ಲಿ, ಔಷಧದ್ರವದಿಂದ ತೊಳೆಯಲಾಗಿ, ಕಪ್ಪಾಗುತ್ತದೆ. ಆ ತಿರುವುಮುರುವಾದ ಬಿಂಬದಿಂದ ಕಾಗದದ ಮೇಲೆ ಮುಖವು ಮೂಡುತ್ತದೆ.

ಆದರೆ ಬೆಳಕು ತಾನಾಗಿ ಮುಖವನ್ನು ಬರೆಯಲಾರದು, ಅದನ್ನು ನಡೆಯಿಸಬೇಕು. ಮೊದಮೊದಲು ಒಂದು ಚಿತ್ರಕ್ಕೆ ಹಲವು ನಿಮಿಷಗಳು ಹಿಡಿಯುತ್ತಿದ್ದುವು. 1851ರಲ್ಲಿ ಇಂಗ್ಲೆಂಡಿನ ಆರ್ಚರನು ಹಸಿಫಲಕದ ವಿಧಾನವನ್ನು ಪ್ರಕಟಿಸಿದ ಮೇಲೆ ಕಾಲವು ಸೆಕೆಂಡುಗಳಿಗೆ ಇಳಿಯಿತು. ಆದರೂ ಕುಳಿತವರು ಅಲುಗದಿರಲೆಂದು ತಲೆಯ ಹಿಂದೆ ಕಬ್ಬಿಣದ ಆಸರೆಯನ್ನು ನಿಲ್ಲಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಹಿರಿಯರು ಬಿಗಿದ ಮುಖದಿಂದ ಕುಳಿತಿರುವುದಕ್ಕೆ ಇದೂ ಒಂದು ಕಾರಣವು. ಅದು ಅವರ ಸ್ವಭಾವವೆಂದು ಭಾವಿಸಬೇಕಾಗಿಲ್ಲ.

ಯೂರೋಪಿನ ಚಿತ್ರಶಾಲೆಗಳು ಮಹಡಿಯ ತುದಿಯಲ್ಲಿ, ಗಾಜಿನ ಮಾಡಿನಿಂದ, ಉತ್ತರಾಭಿಮುಖವಾಗಿ ನಿರ್ಮಿತವಾದುವು. ಅಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿಕೊಂಡೇ ಮಧ್ಯಾಹ್ನವನ್ನು ಕಳೆಯುವನಾದುದರಿಂದ, ಉತ್ತರದ ಗಾಜಿನಿಂದ ನೇರವಾದ ಬಿಸಿಲು ಒಳಬರದೆ ಆಕಾಶದ ಸೌಮ್ಯವಾದ ಬೆಳಕು ಮಾತ್ರ ಬರುತ್ತಿತ್ತು. ದಖ್ಖಣದಲ್ಲಿ ಈ ನಿಯಮವು ಪೂರ್ಣವಾಗಿ ಸಲ್ಲದು. ಕಲಬುರಗಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ 17 ಅಂಶಗಳಿಗಿಂತ ತುಸು ಮೇಲಿರುವುದು. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ತಿಂಗಳ ಮೊದಲ ವಾರದವರೆಗೆ ನಡುಹಗಲ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಮೇಲಿನಿಂದ ಬಿದ್ದ ಬಿಸಿಲಿಗೆ ಕಣ್ಣಿನ ಕುಳಿಗಳು ಕಪ್ಪಾಗುತ್ತವೆ, ಮೂಗಿನ ನೆರಳು ತುಟಿಯನ್ನು ಮುಚ್ಚುತ್ತದೆ. ಆದುದರಿಂದ ಶೀತದೇಶದವನಿಗೆ ಬೆಳಕನ್ನು ಕೂಡಿಹಾಕುವುದು ಕೆಲಸವಾದರೆ, ಇಲ್ಲಿಯವನಿಗೆ ಅದನ್ನು ತಡೆದು ಸೋಸುವುದೇ ಕೆಲಸವು. ಇಲ್ಲಿ ಗಾಜಿಗಿಂತ ಪರದೆಯೇ ಮುಖ್ಯವು.

ಆ ಕೆಲಸದ ಕ್ರಮವು ಸರಳವಾದುದು. ಮಾಡಿನ ಕೆಳಗೆ ಬಿಳಿಯ ಬಟ್ಟೆಯನ್ನು ಎಳೆದು ಬೆಳಕನ್ನು ಮೃದುಗೊಳಿಸುವರು. ಮುಖ್ಯವಾದ ಬೆಳಕನ್ನು ಮುಂಭಾಗದ ಒಂದು ಪಕ್ಕದಿಂದ, ತಲೆಗಿಂತ ಸ್ವಲ್ಪ ಮೇಲಿನಿಂದ ಬರಗೊಡುವರು. ಎದುರು ಕೆನ್ನೆಯ ಬಳಿ ಬಿಳಿಯ ತಡಿಕೆಯೊಂದನ್ನು ನಿಲ್ಲಿಸಲು, ಅದು ಬೆಳಕನ್ನು ಹಿಂದಿರುಗಿಸಿ ನೆರಳನ್ನು ತಿಳಿಗೊಳಿಸುವುದು, ಅಳಿಸುವುದಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ‘ವರ್ತನೆ’ ಎಂಬ ಹೆಸರಿನಿಂದ ನೆರಳು ತುಂಬುವ ಮೂರು ಬಗೆಗಳನ್ನು ಹೇಳಿರುವುದು. ತಗ್ಗು ಉಬ್ಬುಗಳು ತೋರದಿದ್ದರೆ ಅದು ಚಿತ್ರವೆನಿಸದೆಂಬುದು ನಮ್ಮ ಪ್ರಾಚೀನರಿಗೂ ತಿಳಿದಿದ್ದಿತು. ಈ ಕಲೆಗೆ ಕನ್ನಡದಲ್ಲಿ ಬೆಳಕಿನ ಹೆಸರಿಡದೆ ಛಾಯೆಯ ಹೆಸರಿಟ್ಟುದು ಉಚಿತವೇ ಆಯಿತು.

ಕಲಬುರಗಿಯು ಆಗ ನಿಜಾಮರ ಆಳಿಕೆಯಲ್ಲಿದ್ದಿತು. ಇದೇ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ನಡೆಯಿತು. ಆ ಸಿಕಂದರಾಬಾದಿನಲ್ಲಿ 1886ರಲ್ಲಿ ಲಾಲಾ ದೀನದಯಾಳರು ಚಿತ್ರಶಾಲೆಯನ್ನು ತೆರೆದರು. 1844ರಲ್ಲಿ ಸರ್ಧಾನದಲ್ಲಿ ಜನಿಸಿ, ರೂರ್ಕಿಯಲ್ಲಿ ಶಿಲ್ಪಶಾಸ್ತ್ರವನ್ನು ಕಲಿತು, ಇಂದೂರಿನಲ್ಲಿ ನೌಕರಿಯಲ್ಲಿದ್ದ ಇವರು ಆರನೆಯ ನಿಜಾಮರಾದ ಮಹಬೂಬ್ ಅಲಿಖಾನರ ಆಸ್ಥಾನದ ಛಾಯಾಗ್ರಾಹಕರಾದರು. ‘ಮುಸವ್ವಿರ್ ಜಂಗ್’ ಎಂಬ ಬಿರುದನ್ನೂ ಪಡೆದರು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿಯೇ ಜನಾನಾ ಚಿತ್ರಶಾಲೆಯೊಂದನ್ನು ಏರ್ಪಡಿಸಿ, ಆಂಗ್ಲ ಮಹಿಳೆಯೊಬ್ಬರ ವಶಕ್ಕೆ ಕೊಟ್ಟರು. ಪರಪುರುಷರ ದೃಷ್ಟಿಗೆ ಬೀಳದ ಮುಖಗಳಿಗೂ ಹೀಗೆ ಬೆಳಕು ದೊರೆಯಿತು. ಇವರು 1905ರಲ್ಲಿ ತೀರಿಕೊಂಡರು. ಇವರ ಚಿತ್ರಶಾಲೆಯ 2,857 ಗಾಜಿನ ಫಲಕಗಳನ್ನು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರವು 1989ರಲ್ಲಿ ಪಡೆದುಕೊಂಡಿತು.

ಇನ್ನೊಂದು ದೋಷವನ್ನು ಇಲ್ಲಿ ಹೇಳಲೇಬೇಕು. ಹಳೆಯ ಫಲಕಗಳಿಗೆ ನೀಲಿಯು ಚೆನ್ನಾಗಿ ತಿಳಿಯುತ್ತಿತ್ತು, ಕೆಂಪು ತಿಳಿಯುತ್ತಿರಲಿಲ್ಲ. ಹಣೆಯ ಕುಂಕುಮವು ಕರಿಯ ಬೊಟ್ಟಾಯಿತು. ಕಂದುಬಣ್ಣದ ಮೈ ಇರುವುದಕ್ಕಿಂತ ಕಪ್ಪಾಗಿ ಕಂಡಿತು. 1873ರಲ್ಲಿ ಜರ್ಮನಿಯ ಫೋಗೆಲನು ಫಲಕಕ್ಕೆ ಬಣ್ಣದ್ರವ್ಯವನ್ನು ಬೆರಸಿ ಹಸುರಿನ ಕಡೆಗೆ ಅದರ ದೃಷ್ಟಿಯನ್ನು ವಿಸ್ತರಿಸಿದನು. ಕೆಂಪಿನವರೆಗೆ ಮುಟ್ಟುವುದಕ್ಕೆ ಇನ್ನೂ ಕೆಲವು ದಶಕಗಳು ಬೇಕಾದುವು. ಈ ನಡುವೆ ಬಿಳುಪೇ ಚೆಲುವೆಂಬ ಭ್ರಮೆಗೆ ಒಳಗಾಗಿ, ಫಲಕದ ಮೇಲೆ ಪೆನ್ಸಿಲಿನಿಂದ ತಿದ್ದಿ ಮುಖವನ್ನು ಬೆಳ್ಳಗೆ ಮಾಡುವ ಪದ್ಧತಿಯೂ ಬೆಳೆಯಿತು. ಸುಕ್ಕು ಹೋಯಿತು, ನೆರಳು ಹೋಯಿತು, ಅವುಗಳೊಡನೆ ಮನುಷ್ಯನೂ ಹೋದನು.

1887ರಲ್ಲಿ ಮೆಗ್ನೀಸಿಯಮ್ಮಿನ ಮಿಂಚುಪುಡಿಯೂ, ಸುಮಾರು 1929ರಲ್ಲಿ ಮಿಂಚುಬುರುಡೆಯೂ ಬಂದುವು. ವಿದ್ಯುದ್ದೀಪಗಳು ಚಿತ್ರಶಾಲೆಯನ್ನು ಸೂರ್ಯನ ಹಂಗಿನಿಂದ ಬಿಡಿಸಿದುವು. ಇಂದು ಚಿತ್ರಯಂತ್ರವು ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಹಾಗಿದ್ದರೂ ಎದುರಿನಿಂದ ನೇರವಾಗಿ ಹಾಯಿಸಿದ ಬೆಳಕು ಮುಖವನ್ನು ಗೋಡೆಯಂತೆ ಚಪ್ಪಟೆಯಾಗಿಸುವುದೆಂಬ ಸತ್ಯವು ಬದಲಾಗಿಲ್ಲ.

ಪಡಸಾಲೆಯ ಗೋಡೆಯ ಮೇಲಿನ ಒಂದು ಚಿತ್ರವೇ ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜ ಅಜ್ಜಿಯರ ಉಳಿದಿರುವ ಏಕೈಕ ಮುಖವು. ಇರುವ ಹಿರಿಯರನ್ನಾದರೂ ಬಿಸಿಲು ಬೀಳದ ತಲೆಬಾಗಿಲ ಒಳಮಗ್ಗುಲಲ್ಲಿ, ಹೊರಗಿನ ಬೆಳಕಿಗೆ ಓರೆಯಾಗಿ ಕುಳ್ಳಿರಿಸಿ, ಎದುರು ಕೆನ್ನೆಯ ಬಳಿ ಒಂದು ಬಿಳಿಯ ಪಂಚೆಯನ್ನು ಹಿಡಿಸಿ ಚಿತ್ರ ತೆಗೆಯಲಿ. ಹಿಂಬದಿಯಲ್ಲಿ ಹೆಸರನ್ನೂ ವರ್ಷವನ್ನೂ ಬರೆದಿಡಲಿ. ಹದಿನೇಳು ವರ್ಷಗಳ ಅಂತರದಿಂದ ಶರಣರ ಮುಖವು ತಪ್ಪಿಹೋದುದಕ್ಕೆ ಯಾರೂ ಹೊಣೆಯಲ್ಲ. ಇಂದು ಎದುರಿಗಿರುವ ಮುಖವು ತಪ್ಪಿಹೋದರೆ ಮನೆಯವರೇ ಹೊಣೆಯು.