ಮನೆ ಕಟ್ಟುವ ಅರ್ಜಿ ಮತ್ತು ಪಂಚಾಯಿತಿಯ ಮೌನ

ಒಂದು ಊರಿನ ಇತಿಹಾಸವೆಂದರೆ ಕೋಟೆ, ಶಿಲಾಶಾಸನ, ಪಾಳೆಯಗಾರರ ಕಥೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ದೇವನಹಳ್ಳಿ ಎಂದೊಡನೆ ಟಿಪ್ಪು ಸುಲ್ತಾನನ ಜನ್ಮಸ್ಥಳ ನೆನಪಾಗುತ್ತದೆ. ದೊಡ್ಡಬಳ್ಳಾಪುರ ಎಂದರೆ ರೇಷ್ಮೆ ಸೀರೆ ನೇಯುವ ಮಗ್ಗಗಳು ಕಣ್ಣಮುಂದೆ ಬರುತ್ತವೆ. ಆದರೆ ಇದೇ ಊರುಗಳ ಪುರಸಭೆ, ಗ್ರಾಮ ಪಂಚಾಯಿತಿಗಳ ಬೀರುವಿನಲ್ಲಿ ಕಟ್ಟಿಟ್ಟಿರುವ ಕಡತಗಳೂ ಇತಿಹಾಸವೇ. ಮನೆ ಕಟ್ಟಲು ಅನುಮತಿ ಕೋರಿ ಒಬ್ಬ ಸಾಮಾನ್ಯ ಪ್ರಜೆ ಬರೆದ ಅರ್ಜಿಗೆ ಸ್ಥಳೀಯ ಆಡಳಿತ ಯಾವಾಗ ಉತ್ತರ ಕೊಟ್ಟಿತು, ಏನೆಂದು ಕೊಟ್ಟಿತು ಎಂಬುದು ಪ್ರಜಾಪ್ರಭುತ್ವದ ಆರೋಗ್ಯವನ್ನು ತಿಳಿಸುವ ನಾಡಿಬಡಿತದಂತೆ. ವಿದ್ಯಾರ್ಥಿ ಮಿತ್ರರು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸುವುದು ಉಪಯುಕ್ತ.

ಗ್ರಾಮಠಾಣಾದಿಂದ ಪಂಚಾಯಿತಿಗೆ

ಹಳೆಯ ಮೈಸೂರು ಸೀಮೆಯಲ್ಲಿ ಮನೆ ಕಟ್ಟುವವರು ನಕ್ಷೆ ಹಿಡಿದು ಕಚೇರಿಗೆ ಹೋಗುತ್ತಿರಲಿಲ್ಲ. 1863ರಲ್ಲಿ ಮೈಸೂರಿನಲ್ಲಿ ಭೂಮಾಪನ ಕಾರ್ಯ ಆರಂಭವಾದ ಮೇಲೆ ಪ್ರತಿ ಗ್ರಾಮದ ನಕ್ಷೆಯಲ್ಲಿ ಜನವಸತಿಯ ಜಾಗವನ್ನು ಬೇರೆಯಾಗಿ ಗುರುತಿಸಲಾಯಿತು. ಇದೇ ಗ್ರಾಮಠಾಣಾ. ಅದರೊಳಗೆ ಮನೆಗಳು, ಅದರಾಚೆ ಹೊಲಗದ್ದೆ, ತೋಟ, ಗೋಮಾಳ, ಕೆರೆ. ಯಾರ ಮನೆ ಎಲ್ಲಿಯವರೆಗೆ ಎಂಬ ತಕರಾರು ಬಂದರೆ ಪಟೇಲರು, ಶಾನುಭೋಗರು ಮತ್ತು ಊರಿನ ಹಿರಿಯರು ಕುಳಿತು ತೀರ್ಮಾನಿಸುತ್ತಿದ್ದರು. ಈ ಪದ್ಧತಿಯಲ್ಲಿ ತೀರ್ಮಾನ ಬೇಗನೆ ಆಗುತ್ತಿತ್ತು, ನಿಜ. ಆದರೆ ಅದು ಎಲ್ಲರಿಗೂ ಸಮಾನವಾಗಿ ದೊರೆಯುತ್ತಿರಲಿಲ್ಲ. ಊರಿನ ಅಂಚಿಗೆ ತಳ್ಳಲ್ಪಟ್ಟ ಕೇರಿಯವರ ಮಾತಿಗೆ ಆ ಕಟ್ಟೆಯ ಮೇಲೆ ಜಾಗವಿರಲಿಲ್ಲ.

1926ರ ಮೈಸೂರು ಗ್ರಾಮ ಪಂಚಾಯಿತಿ ಶಾಸನ, ರಾಜ್ಯ ಪುನರ್ವಿಂಗಡಣೆಯ ನಂತರದ 1959ರ ಕಾಯಿದೆ, ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ರೂಪುಗೊಂಡು 1987ರ ಚುನಾವಣೆಯೊಂದಿಗೆ ಕಾರ್ಯರೂಪಕ್ಕೆ ಬಂದ ಮಂಡಲ ಪಂಚಾಯಿತಿ ವ್ಯವಸ್ಥೆ, ಇವೆಲ್ಲ ಮುಂದಿನ ಮೆಟ್ಟಿಲುಗಳು. ಈ ನಡುವೆ 1963ರಲ್ಲಿ ವಂಶಪಾರಂಪರ್ಯವಾಗಿ ಬಂದಿದ್ದ ಶಾನುಭೋಗಿಕೆ, ಪಟೇಲಿಕೆಗಳು ಕೊನೆಗೊಂಡವು. ಹೀಗೆ ಅಧಿಕಾರವು ಮನೆತನದಿಂದ ಕಚೇರಿಗೆ, ಬಾಯಿಮಾತಿನಿಂದ ಕಾಗದಕ್ಕೆ ಬಂದಿತು.

ಅರವತ್ತು ದಿನಗಳ ನಿಯಮ

ಈ ಕಾಗದಕ್ಕೆ ಸ್ಪಷ್ಟ ರೂಪ ಕೊಟ್ಟದ್ದು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ. ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಯಾರೂ ಕಟ್ಟಡ ಕಟ್ಟಬಾರದು ಎಂದು ಅದರ 64ನೆಯ ಪ್ರಕರಣ ಹೇಳುತ್ತದೆ. ಅದರ ಜೊತೆಗೇ ಒಂದು ಕುತೂಹಲದ ಮಾತಿದೆ. ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯಿತಿ ತನ್ನ ತೀರ್ಮಾನವನ್ನು ತಿಳಿಸದಿದ್ದರೆ, ಅನುಮತಿ ದೊರೆತಿದೆಯೆಂದೇ ಭಾವಿಸತಕ್ಕದ್ದು. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ನುಡಿ ಇಲ್ಲಿ ಕಾನೂನಾಗಿದೆ! ಕೃಷಿ ಜಮೀನನ್ನು ವಸತಿಗೆ ಪರಿವರ್ತಿಸಲು ಜಿಲ್ಲಾಧಿಕಾರಿಗಳಿಗೆ ಕೊಡುವ ಅರ್ಜಿಯ ವಿಷಯದಲ್ಲೂ 1964ರ ಭೂಕಂದಾಯ ಕಾಯಿದೆ ಇಂಥದೇ ನಿಯಮ ಮಾಡಿತು. ಅಲ್ಲಿನ ಗಡುವು ನಾಲ್ಕು ತಿಂಗಳು.

ಶಾಸನಸಭೆಯ ಉದ್ದೇಶ ಒಳ್ಳೆಯದೇ. ಕಡತವನ್ನು ಕೆಳಗಿಟ್ಟುಕೊಂಡು ಬಡವನನ್ನು ಅಲೆದಾಡಿಸಬಾರದು ಎಂಬುದೇ ಇದರ ಆಶಯ. ಆದರೆ ಆಚರಣೆಯಲ್ಲಿ ಮೌನದಿಂದ ಬಂದ ಅನುಮತಿ ಬಡವನ ಕೈಗೆ ಎಟಕುವುದು ಕಷ್ಟ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಅಲ್ಲಿ ಮೊಹರು ಇರುವ ಪರವಾನಗಿ ಪತ್ರ ಕೇಳುತ್ತಾರೆ. ಮೌನಕ್ಕೆ ಮೊಹರು ಎಲ್ಲಿಂದ ಬರಬೇಕು? ಇನ್ನೊಂದು ಕಡೆ, ಬಾಯಿ ಬಿಡಬೇಕಾದ ಕಡೆ ಪಂಚಾಯಿತಿ ಸುಮ್ಮನಿದ್ದರೆ ನಿಯಮ ಮೀರುವವರಿಗೆ ಅನುಕೂಲ. ಮೌನದ ಅನುಮತಿಯೂ ನಿಯಮಗಳಿಗೆ ಒಳಪಟ್ಟಿದ್ದೇ ಎಂದು ಕಾಯಿದೆ ಎಚ್ಚರಿಸುತ್ತದೆ, ನಿಜ. ಆದರೆ ಗೋಡೆ ಎದ್ದು ಸೂರು ಬಿದ್ದ ಮೇಲೆ ಕೆಡವುವುದು ಯಾವ ಸದಸ್ಯನಿಗೂ ಸುಲಭವಲ್ಲ. ಮನೆಯವರೂ ನೆರೆಯವರೂ ಅವನ ಮತದಾರರೇ ಅಲ್ಲವೆ?

ರಾಜಧಾನಿಯ ನೆರಳು

ಬೆಂಗಳೂರು ಜಿಲ್ಲೆಯನ್ನು ಇಬ್ಭಾಗ ಮಾಡಿ 1986ರ ಆಗಸ್ಟ್ 15ರಂದು ಗ್ರಾಮಾಂತರ ಜಿಲ್ಲೆಯನ್ನು ರಚಿಸಲಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದಾಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ 2001ರಲ್ಲಿ 8,50,968 ಇದ್ದದ್ದು 2011ರಲ್ಲಿ 9,90,923ಕ್ಕೆ ಏರಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ರಾಗಿ, ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ನೆಲವನ್ನು ಅಡಿಯ ಲೆಕ್ಕದಲ್ಲಿ ಅಳೆಯುವ ಕಾಲ ಬಂದಿತು.

ಇಂಥ ಬೆಳವಣಿಗೆಯನ್ನು ಒಂದೊಂದು ಪಂಚಾಯಿತಿ ತಾನೇ ನಿಭಾಯಿಸಲಾರದು ಎಂಬ ಅರಿವು ಸರ್ಕಾರಕ್ಕೆ ಮೊದಲೇ ಇತ್ತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1965ರಲ್ಲಿ ಜಾರಿಗೆ ಬಂದಿತು. 1985ರ ಕಾಯಿದೆಯಿಂದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಮುಂದೆ ನೆಲಮಂಗಲ, ಹೊಸಕೋಟೆಗಳಿಗೆ ಯೋಜನಾ ಪ್ರಾಧಿಕಾರಗಳು ಬಂದವು. ದೇವನಹಳ್ಳಿಯ ಸುತ್ತಣ ಪ್ರದೇಶಕ್ಕೆ ವಿಮಾನ ನಿಲ್ದಾಣ ಪ್ರದೇಶ ಯೋಜನಾ ಪ್ರಾಧಿಕಾರ ರಚನೆಯಾಯಿತು. ಯೋಜನಾ ಪ್ರದೇಶದೊಳಗೆ ಹೊಸ ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವುದು ಈ ಪ್ರಾಧಿಕಾರಗಳ ಕೆಲಸ.

ಇಲ್ಲಿ ಸಂವಿಧಾನದ ಒಂದು ಸೂಕ್ಷ್ಮವನ್ನು ಗಮನಿಸಬೇಕು. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಣ ಯೋಜನೆ ಮತ್ತು ಕಟ್ಟಡ ನಿಯಂತ್ರಣಗಳೇ ಮೊದಲ ಎರಡು ಬಾಬುಗಳು. ಪಂಚಾಯಿತಿಗಳಿಗೆ ಸಂಬಂಧಿಸಿದ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಾಮೀಣ ವಸತಿ ಉಂಟು, ಆದರೆ ಯೋಜನೆಯ ಮಾತಿಲ್ಲ. ಹೀಗಾಗಿ ಬಡಾವಣೆ ಎಲ್ಲಿ ಬರಬೇಕೆಂದು ತೀರ್ಮಾನಿಸುವವರು ಒಬ್ಬರು. ಅದಕ್ಕೆ ನೀರು, ಚರಂಡಿ, ಬೀದಿದೀಪ ಒದಗಿಸಿ ಜನರ ದೂರು ಕೇಳಬೇಕಾದವರು ಇನ್ನೊಬ್ಬರು. ತೀರ್ಮಾನ ಒಂದು ಕಡೆ, ಹೊರೆ ಇನ್ನೊಂದು ಕಡೆ. ಸ್ಥಳೀಯ ಸಂಸ್ಥೆಗಳ ತಡವರಿಕೆಗೆ ಸೋಮಾರಿತನವೊಂದೇ ಕಾರಣವೆನ್ನುವವರು ಈ ಅಂಶವನ್ನು ಮರೆಯಬಾರದು.

ಸೈಟು, ಖಾತೆ, ಸಕ್ರಮ

ಕೇಳುವವರು ಹೆಚ್ಚಾಗಿ ಉತ್ತರ ನಿಧಾನವಾದಾಗ ಅಡ್ಡದಾರಿ ಹುಟ್ಟುತ್ತದೆ. ಭೂಪರಿವರ್ತನೆಯಿಲ್ಲದೆ, ಬಡಾವಣೆಯ ನಕ್ಷೆಗೆ ಮಂಜೂರಾತಿಯಿಲ್ಲದೆ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ತುಂಡುಗಳೇ ‘ರೆವಿನ್ಯೂ ಸೈಟು’ಗಳು. ಕೊಂಡವರಲ್ಲಿ ಬಹುಪಾಲು ಬಾಡಿಗೆ ಮನೆಯಲ್ಲಿದ್ದು, ಜೀವಮಾನದ ಉಳಿತಾಯ ಹಾಕಿದ ಕಾರ್ಮಿಕರು, ಸಣ್ಣ ನೌಕರರು. 2013ರಲ್ಲಿ ಇ-ಸ್ವತ್ತು ವ್ಯವಸ್ಥೆ ಬಂದು, ಕ್ರಮಬದ್ಧ ಆಸ್ತಿಗೆ ನಮೂನೆ 9 ಮತ್ತು 11ಎ, ಉಳಿದವಕ್ಕೆ ನಮೂನೆ 11ಬಿ ಎಂಬ ವಿಂಗಡಣೆಯಾದಾಗ ತಮ್ಮ ಕಾಗದದ ಬೆಲೆ ಎಷ್ಟೆಂದು ಅನೇಕರಿಗೆ ಮೊದಲ ಬಾರಿ ತಿಳಿಯಿತು. ನಗರ ಪ್ರದೇಶದ ಅಕ್ರಮ ಕಟ್ಟಡಗಳನ್ನು ಸಕ್ರಮಗೊಳಿಸಲು 2007ರಲ್ಲಿ ಯೋಜನಾ ಕಾಯಿದೆಗೆ ತಿದ್ದುಪಡಿಯಾಯಿತು, 2014ರಲ್ಲಿ ನಿಯಮಗಳು ಬಂದವು. 2016ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಮೊದಲೇ ‘ಆಗದು’ ಎನ್ನದಿದ್ದರೆ ಆಮೇಲೆ ‘ಆಗಲಿ’ ಎನ್ನುವುದೂ ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

‘ಆಗದು’ ಎನ್ನಬೇಕಾದ ಕಾರಣವೂ ಈ ನೆಲದಲ್ಲೇ ಇದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳನ್ನು ದಾಟಿ ಹೆಸರಘಟ್ಟ ಸೇರುತ್ತದೆ. ನೆಲಮಂಗಲದ ಕಡೆಯ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಕೂಡಿಕೊಳ್ಳುತ್ತದೆ. 1896ರಿಂದ ಹೆಸರಘಟ್ಟವೂ 1933ರಿಂದ ತಿಪ್ಪಗೊಂಡನಹಳ್ಳಿಯೂ ಬೆಂಗಳೂರಿಗೆ ನೀರು ಕೊಟ್ಟವು. ಒಳಹರಿವು ಕುಗ್ಗಿದ್ದನ್ನು ಕಂಡು ಸರ್ಕಾರ 2003ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡಗಳಿಗೆ ನಿರ್ಬಂಧ ಹಾಕಿತು; 2019ರಲ್ಲಿ ಅದನ್ನು ಸಡಿಲಿಸಿತು. ಕಾಲುವೆಯ ಮೇಲೆ ಎದ್ದ ಒಂದು ಮನೆ ಒಬ್ಬರಿಗೆ ಆಸರೆ. ಅದೇ ಮನೆ ಕೆಳಗಿನ ಕೆರೆಗೆ ಅಡ್ಡಗಟ್ಟೆ.

ಅಳೆಯುವುದು ಹೇಗೆ?

ಬ್ರಿಟನ್ನಿನಲ್ಲಿ 1947ರ ಯೋಜನಾ ಕಾಯಿದೆಯಿಂದ ಮನೆ ಕಟ್ಟಲು ಸ್ಥಳೀಯ ಮಂಡಲಿಯ ಅನುಮತಿ ಬೇಕಾಯಿತು. ಇಂಗ್ಲೆಂಡಿನಲ್ಲಿ ಸಣ್ಣ ಅರ್ಜಿಗಳಿಗೆ 8 ವಾರ, ದೊಡ್ಡವಕ್ಕೆ 13 ವಾರಗಳ ಗಡುವಿದೆ. ಅಲ್ಲಿ ಮೌನ ಸಮ್ಮತಿಯಲ್ಲ. ಗಡುವು ಮೀರಿದರೆ ಅರ್ಜಿದಾರ ಮೇಲ್ಮನವಿ ಹೋಗಬಹುದು. ಯಾವ ಮಂಡಲಿ ಎಷ್ಟು ಅರ್ಜಿಗಳನ್ನು ಸಕಾಲದಲ್ಲಿ ತೀರ್ಮಾನಿಸಿತು ಎಂಬ ಅಂಕಿಅಂಶ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಆದರೆ ಅರ್ಜಿದಾರನ ಒಪ್ಪಿಗೆ ಪಡೆದು ಗಡುವು ಮುಂದೂಡಿದರೆ ಅದೂ ‘ಸಕಾಲ’ದ ಲೆಕ್ಕಕ್ಕೇ ಸೇರುತ್ತದೆಂಬ ಟೀಕೆಯೂ ಉಂಟು.

ನಮ್ಮಲ್ಲಿ 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆ, ಅಂದರೆ ‘ಸಕಾಲ’, 2012ರಲ್ಲಿ ಜಾರಿಗೆ ಬಂದಿತು. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕು ದೊರೆಯಿತು. ಇದು ದೊಡ್ಡ ಹೆಜ್ಜೆ. ಆದರೂ ಒಂದು ಎಚ್ಚರ ಬೇಕು. ಸರಿಯಾದ ಕಾರಣ ಹೇಳದೆ ಅರ್ಜಿಯನ್ನು ಹಿಂದಿರುಗಿಸಿದರೂ ಗಡುವಿನೊಳಗೆ ವಿಲೇವಾರಿಯಾದಂತೆಯೇ. ನಿಯಮ ನೋಡದೆ ಒಪ್ಪಿದರೂ ವಿಲೇವಾರಿಯಾದಂತೆಯೇ. ದಿನಗಳ ಲೆಕ್ಕ ಮಾತ್ರ ನೋಡಿದರೆ ಎರಡೂ ಉತ್ತಮ ಆಡಳಿತವಾಗಿಯೇ ಕಾಣುತ್ತವೆ.

ಆದ್ದರಿಂದ ಸ್ಥಳೀಯ ಸಂಸ್ಥೆಯ ಯೋಗ್ಯತೆಯನ್ನು ಅಳೆಯುವ ಸರಿಯಾದ ಮಾನದಂಡ ಅದು ಕೊಡುವ ಹಿಂಬರಹ. ‘ಕೊಟ್ಟಿದ್ದೇವೆ’ ಎಂದಾಗಲಿ ‘ಕೊಡಲಾಗದು, ಕಾರಣ ಇಂತಿಂಥದು’ ಎಂದಾಗಲಿ ಗಡುವಿನೊಳಗೆ, ಬರಹದಲ್ಲಿ, ಎಲ್ಲರಿಗೂ ಒಂದೇ ನಿಯಮದಂತೆ ಉತ್ತರಿಸುವ ಪಂಚಾಯಿತಿಯೇ ಒಳ್ಳೆಯ ಪಂಚಾಯಿತಿ. ಕಾರಣ ಬರೆದ ನಿರಾಕರಣೆಯ ವಿರುದ್ಧ ಪ್ರಜೆ ಮೇಲ್ಮನವಿ ಹೋಗಬಹುದು. ಮೌನದ ವಿರುದ್ಧ ಯಾರ ಬಳಿಗೆ ಹೋಗುವುದು? ಹಿರಿಯರ ಕಟ್ಟೆಯಿಂದ ಕಚೇರಿಯ ಕಾಗದದವರೆಗೆ ನಾವು ನಡೆದು ಬಂದದ್ದು ಉತ್ತರ ಪಡೆಯುವ ಹಕ್ಕಿಗಾಗಿ. ಆ ಹಕ್ಕು ಮೌನದಲ್ಲಿ ಕಳೆದುಹೋಗಬಾರದು.

ಚರ್ಚೆಗೆ

1. ನಿಮ್ಮ ಊರಿನ ಗ್ರಾಮಠಾಣಾ ನಕ್ಷೆಯಲ್ಲಿರುವ ಕೆರೆ, ಕಾಲುವೆಗಳಲ್ಲಿ ಇಂದು ಎಷ್ಟು ಉಳಿದಿವೆ?

2. ಬಡಾವಣೆಗೆ ಮಂಜೂರಾತಿ ಕೊಡುವ ಮುನ್ನ ಗ್ರಾಮ ಸಭೆಯ ಅಭಿಪ್ರಾಯ ಕೇಳಬೇಕೆ? ಪರ, ವಿರೋಧ ವಾದಗಳನ್ನು ಬರೆಯಿರಿ.

3. ಪಂಚಾಯಿತಿಯ ಮೌನವನ್ನು ಸಮ್ಮತಿ ಎನ್ನಬೇಕೆ, ನಿರಾಕರಣೆ ಎನ್ನಬೇಕೆ? ಯಾವುದರಿಂದ ಬಡವರಿಗೆ ಹೆಚ್ಚು ರಕ್ಷಣೆ?