ದೇವಿಯ ಬೆಟ್ಟ, ಹೆಂಗಸರಿಗೆ ಬಾಗಿಲು

ಟೋಕಿಯೋದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಫ್ಯೂಜಿಯೋಶಿದಾ ಎಂಬ ಊರು ಸಿಗುತ್ತದೆ. ಫ್ಯೂಜಿ ಪರ್ವತದ ಉತ್ತರದ ಬುಡದಲ್ಲಿರುವ ಈ ಊರಿನ ಸೆಂಗೆನ್ ದೇಗುಲಕ್ಕೆ, ಆಫೀಸ್ ಕೆಲಸದ ನಡುವೆ ಬಿಡುವು ಸಿಕ್ಕ ಒಂದು ಭಾನುವಾರ ಹೋಗಿದ್ದೆ. ದಾರಿಯ ಎರಡೂ ಬದಿ ಮುಗಿಲೆತ್ತರದ ಮರಗಳು, ಪಾಚಿ ಹಿಡಿದ ಕಲ್ಲಿನ ದೀಪಸ್ತಂಭಗಳು. ಕೈ, ಬಾಯಿ ತೊಳೆದು ಒಳಗೆ ಹೋಗಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರೆ ಪ್ರಾರ್ಥನೆ ಮುಗಿಯಿತು.

ಇಲ್ಲಿನ ದೇವಿ ಕೊನೊಹಾನಾಸಾಕುಯಾ. 712ರಲ್ಲಿ ರಚಿತವಾದ 'ಕೊಜಿಕಿ'ಯಲ್ಲಿ ಅವಳ ಕಥೆ ಇದೆ. ಒಂದೇ ರಾತ್ರಿಯಲ್ಲಿ ಗರ್ಭಿಣಿಯಾದಳೆಂದು ಗಂಡ ಶಂಕಿಸಿದ. ಅವಳು ಬಾಗಿಲಿಲ್ಲದ ಹೆರಿಗೆಮನೆಯೊಳಗೆ ಸೇರಿ, ತಾನೇ ಬೆಂಕಿ ಹಚ್ಚಿ, ಉರಿಯ ನಡುವೆ ಮೂವರು ಮಕ್ಕಳನ್ನು ಹೆತ್ತಳು. ನಮಗೆ ಸೀತೆ ನೆನಪಾಗದೆ ಇರುತ್ತಾಳೆಯೇ?

ಗುಡಿಯ ಹಿಂಬದಿಯಿಂದಲೇ ಯೋಶಿದಾ ಹಾದಿ 3,776 ಮೀಟರ್ ಎತ್ತರದ ಶಿಖರಕ್ಕೆ ಹೊರಡುತ್ತದೆ. ಆದರೆ ಈ ದೇವಿಯ ಬೆಟ್ಟದ ತುದಿಗೆ ಶತಮಾನಗಳ ಕಾಲ ಹೆಂಗಸರಿಗೆ ಪ್ರವೇಶವಿರಲಿಲ್ಲ. ಕಾರಣ ಬೇರೆ ಹೇಳಬೇಕಿಲ್ಲ, ಮೈಲಿಗೆ. ಮುಟ್ಟು, ಹೆರಿಗೆಯ ರಕ್ತ ಅಶುದ್ಧವಂತೆ! ಹೆರಿಗೆಯಿಂದಲೇ ತನ್ನ ಸತ್ಯ ಸಾಬೀತು ಮಾಡಿದವಳ ಬೆಟ್ಟದಲ್ಲಿ! ಹೆಂಗಸರು ಹತ್ತಿದರೆ ಹವೆ ಕೆಟ್ಟು ಬೆಳೆ ಹಾಳಾಗುತ್ತದೆ ಎಂಬ ಭಯವೂ ಬುಡದ ಹಳ್ಳಿಗಳಲ್ಲಿತ್ತು.

ಒಳಗಿನಿಂದಲೇ ವಿರೋಧ ಹುಟ್ಟಿತು ಎಂಬುದು ನನಗೆ ಮುಖ್ಯವಾಗಿ ಕಂಡಿತು. ಫ್ಯೂಜಿ ಭಕ್ತರ ಗುರು ಜಿಕಿಗ್ಯೋ ಮಿರೋಕು 1733ರಲ್ಲಿ ಆ ಬೆಟ್ಟದ ಮೇಲೆಯೇ ಉಪವಾಸವಿದ್ದು ಪ್ರಾಣ ಬಿಟ್ಟ. ಗಂಡು ಹೆಣ್ಣಿನಲ್ಲಿ ಭೇದವಿಲ್ಲ, ಮುಟ್ಟು ಅಶುದ್ಧವಲ್ಲ ಎಂದು ಬೋಧಿಸಿದವನು ಅವನು. ಅದೇ ಪರಂಪರೆಯ ಕೊತಾನಿ ಸಾನ್ಶಿಯ ಜೊತೆ 1832ರಲ್ಲಿ ತಕಾಯಾಮಾ ತತ್ಸು ಎಂಬ ಯುವತಿ ಗಂಡಸಿನ ವೇಷ ತೊಟ್ಟು ಶಿಖರ ಮುಟ್ಟಿದಳು. ಅಷ್ಟು ಹೊತ್ತಿಗೆ ಯಾತ್ರೆಯ ಕಾಲ ಮುಗಿದು, ಮೇಲೆ ಹಿಮ ಬಿದ್ದಿತ್ತು. ಯಾರೂ ಇಲ್ಲದ ಹೊತ್ತೇ ಅವಳಿಗೆ ಬೇಕಿತ್ತು.

ನಿಷೇಧ ರದ್ದಾದದ್ದು 1872ರಲ್ಲಿ, ಮೇಜಿ ಸರ್ಕಾರದ ಆದೇಶದಿಂದ. ಅದಕ್ಕೆ ಹೆಂಗಸರ ಕೋರಿಕೆ ಕಾರಣವಲ್ಲ. ಆ ವರ್ಷ ಕ್ಯೋಟೋ ಪ್ರದರ್ಶನಕ್ಕೆ ಬರುವ ವಿದೇಶಿಯರು ಹೆಂಡತಿಯರ ಜೊತೆ ಹತ್ತಿರದ ಹಿಯೇ ಬೆಟ್ಟ ನೋಡಲು ಹೊರಟರೆ ಏನು ಗತಿ ಎಂಬ ಚಿಂತೆ ಅಧಿಕಾರಿಗಳಿಗೆ! ಅಷ್ಟರಲ್ಲಿ, 1867ರಲ್ಲೇ, ಬ್ರಿಟಿಷ್ ರಾಯಭಾರಿ ಹ್ಯಾರಿ ಪಾರ್ಕ್ಸ್ ಅವರ ಪತ್ನಿ ಫ್ಯೂಜಿ ಹತ್ತಿ ಇಳಿದಿದ್ದರು.

ನಾರಾ ಪ್ರಾಂತದ ಓಮಿನೆ ಬೆಟ್ಟದಲ್ಲಿ ಹೆಂಗಸರಿಗೆ ಇಂದಿಗೂ ಪ್ರವೇಶವಿಲ್ಲ. ಫ್ಯೂಜಿಯ ಬಾಗಿಲು ತೆರೆದಾಗ ತತ್ಸು ಇನ್ನೂ ಬದುಕಿದ್ದಳು. ಆಗ ಅವಳಿಗೆ ಅರವತ್ತರ ಹತ್ತಿರ.