ನಗಿಸುತ್ತ ಗೆದ್ದವರು

ವಿಲ್ಟ್ ಚೇಂಬರ್‌ಲೇನ್ ಏಳಡಿಗೂ ಮಿಕ್ಕ ಎತ್ತರದ ಆಟಗಾರ. 1962ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದವರು. 1999ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಟೆಲಿವಿಷನ್ ಸಂದರ್ಶನವೊಂದರಲ್ಲಿ, ತಾವು ಕಂಡ ಅತ್ಯದ್ಭುತ ಆಟಗಾರ ಯಾರು ಎಂಬ ಮಾತು ಬಂದಾಗ ಅವರು ಮೈಕಲ್ ಜೋರ್ಡನ್ ಹೆಸರು ಹೇಳಲಿಲ್ಲ. ಮೆಡೋಲಾರ್ಕ್ ಲೆಮನ್ ಎಂದರು. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದ, ನೀರು ಎರಚುವಂತೆ ನಟಿಸಿ ಬಕೆಟ್ ತುಂಬ ಕಾಗದದ ಚೂರನ್ನು ಪ್ರೇಕ್ಷಕರ ಮೇಲೆ ಸುರಿಯುತ್ತಿದ್ದ ವಿದೂಷಕ ಆತ!

ಈ ಮಾತು ಬರೀ ಸ್ನೇಹದಿಂದ ಬಂದದ್ದಲ್ಲ. ಅದರ ಹಿಂದೆ ಹಾರ್ಲೆಂ ಗ್ಲೋಬ್‌ಟ್ರಾಟರ್ಸ್ ಎಂಬ ತಂಡದ ವಿಚಿತ್ರ ಇತಿಹಾಸವಿದೆ.

ಹೆಸರಿನಲ್ಲಿ ನ್ಯೂಯಾರ್ಕಿನ ಹಾರ್ಲೆಂ ಇದ್ದರೂ ತಂಡ ಹುಟ್ಟಿದ್ದು 1920ರ ದಶಕದ ಷಿಕಾಗೋದಲ್ಲಿ. ಆಟಗಾರರೆಲ್ಲ ಕಪ್ಪು ವರ್ಣೀಯರು ಎಂಬುದು ಊರೂರಿನ ಜನಕ್ಕೆ ಹೆಸರಿನಿಂದಲೇ ತಿಳಿಯಲಿ ಎಂದು ವ್ಯವಸ್ಥಾಪಕ ಏಬ್ ಸೇಪರ್‌ಸ್ಟೈನ್ ಹಾರ್ಲೆಂ ಎಂದು ಸೇರಿಸಿದರು. ತಂಡ ನಿಜವಾದ ಹಾರ್ಲೆಂನಲ್ಲಿ ಮೊದಲ ಬಾರಿ ಆಡಿದ್ದು 1968ರಲ್ಲಿ. ಆರಂಭದಲ್ಲಿ ಅದು ನಗಿಸುವ ತಂಡವೂ ಆಗಿರಲಿಲ್ಲ. 1940ರಲ್ಲಿ ವಿಶ್ವ ವೃತ್ತಿಪರ ಟೂರ್ನಿಯನ್ನೇ ಗೆದ್ದಿತ್ತು. ಸಣ್ಣ ಊರುಗಳಲ್ಲಿ ಸ್ಥಳೀಯ ತಂಡವನ್ನು ತೀರಾ ಹೀನಾಯವಾಗಿ ಸೋಲಿಸಿದರೆ ಮತ್ತೆ ಕರೆಯುವವರು ಯಾರು? ಅಂಕಗಳಲ್ಲಿ ಬಹಳ ಮುಂದೆ ಹೋದ ಮೇಲೆ ಚೆಂಡನ್ನು ಬೆರಳ ತುದಿಯಲ್ಲಿ ತಿರುಗಿಸುವ, ಎದುರಾಳಿಯ ಕಣ್ಣು ತಪ್ಪಿಸುವ ಚೇಷ್ಟೆಗಳು ಶುರುವಾದವು. ದಣಿದ ಕಾಲಿಗೆ ವಿಶ್ರಾಂತಿ, ಜನಕ್ಕೆ ನಗು. ನಮ್ಮ ಸರ್ಕಸ್ ನೋಡಿದವರಿಗೆ ಇದು ಗೊತ್ತು: ಹಗ್ಗದ ಮೇಲೆ ಎಡವಿದಂತೆ ನಟಿಸುವ ಜೋಕರ್ ಸಾಮಾನ್ಯನಲ್ಲ.

ಸಾಮಾನ್ಯರಲ್ಲ ಎಂಬುದು 1948ರ ಫೆಬ್ರುವರಿ 19ರಂದು ಸಾಬೀತಾಯಿತು. ಷಿಕಾಗೋ ಸ್ಟೇಡಿಯಂನಲ್ಲಿ ಎದುರಿಗಿದ್ದದ್ದು ಬಿಳಿಯರದೇ ತಂಡವಾದ ಮಿನಿಯಾಪೊಲಿಸ್ ಲೇಕರ್ಸ್. ಅದರಲ್ಲಿ ಜಾರ್ಜ್ ಮೈಕನ್ ಎಂಬ ಅಂದಿನ ದಿಗ್ಗಜ. ಕೊನೆಯ ಗಳಿಗೆಯಲ್ಲಿ ಎರ್ಮರ್ ರಾಬಿನ್ಸನ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. 61–59. ಮರುವರ್ಷವೂ ಗೆಲುವು. ಎರಡೇ ವರ್ಷದಲ್ಲಿ, 1950ರಲ್ಲಿ, ಎನ್‌ಬಿಎ ತಂಡಗಳು ಕಪ್ಪು ಆಟಗಾರರಿಗೆ ಬಾಗಿಲು ತೆರೆದವು. ಗ್ಲೋಬ್‌ಟ್ರಾಟರ್ಸ್‌ನ ನ್ಯಾಟ್ ಕ್ಲಿಫ್ಟನ್ ನ್ಯೂಯಾರ್ಕ್ ನಿಕ್ಸ್ ಸೇರಿದರು. ಸೇಪರ್‌ಸ್ಟೈನ್‌ಗೆ ಇದು ಸಂತೋಷದ ಸುದ್ದಿಯಾಗಿರಲಿಲ್ಲ. ಒಳ್ಳೆಯ ಆಟಗಾರರೆಲ್ಲ ತಮ್ಮಲ್ಲಿಗೇ ಬರಬೇಕಾಗಿದ್ದ ಕಾಲ ಮುಗಿಯತೊಡಗಿತ್ತಲ್ಲ! ತಂಡ ಗೆದ್ದು ತೆರೆಸಿದ ಬಾಗಿಲಿನಿಂದಲೇ ಅದರ ಪ್ರತಿಭೆ ಹೊರಗೆ ಹರಿಯಿತು; ಬರಬರುತ್ತ ಒಳಗೆ ಉಳಿದದ್ದು ಹೆಚ್ಚಾಗಿ ನಗು.

ಆ ನಗುವಿನ ಬಗ್ಗೆ ಮಾಜಿ ಆಟಗಾರರು ಮುಂದೆ ಆಡಿದ ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ. 1958ರಲ್ಲಿ ಕಾಲೇಜು ಬಿಟ್ಟು ಒಂದು ವರ್ಷ ಈ ತಂಡದಲ್ಲಿದ್ದ ಚೇಂಬರ್‌ಲೇನ್, ತಂಡದ ಜತೆ ಮಾಸ್ಕೋದವರೆಗೂ ಹೋಗಿ ಬಂದವರು, ಆ ದಿನಗಳನ್ನು ಖುಷಿಯಿಂದ ನೆನೆಯುತ್ತಿದ್ದರು. 1957ರಲ್ಲಿ ಅಲ್ಲಿ ಆಡಿದ, ಮುಂದೆ ಬೇಸ್‌ಬಾಲ್‌ನ ಮಹಾನ್ ಪಿಚ್ಚರ್ ಎನಿಸಿದ ಬಾಬ್ ಗಿಬ್ಸನ್‌ಗೆ ಕೋಡಂಗಿಯಾಟ ಹಿಡಿಸಲೇ ಇಲ್ಲ. ಬಿಲ್ ರಸೆಲ್ ಅಂತೂ ಸೇರಲೇ ಇಲ್ಲ. ರಸೆಲ್ ಹೇಳಿದಂತೆ, ಸೇಪರ್‌ಸ್ಟೈನ್ ವ್ಯವಹಾರದ ಮಾತೆಲ್ಲವನ್ನೂ ಅವರ ಕಾಲೇಜು ಕೋಚ್ ಜತೆಗೇ ಆಡಿದರು; ಇವರನ್ನು ನಗಿಸುತ್ತ ಕೂರಿಸಲು ಬೇರೊಬ್ಬ ಸಹಾಯಕ. ನನ್ನೊಡನೆ ಮಾತಾಡಲಾರದವರ ಬಳಿ ನಾನೇಕೆ ಆಡಲಿ ಎಂಬುದು ರಸೆಲ್ ನಿಲುವು. ಬಾಸ್ಟನ್ ಸೆಲ್ಟಿಕ್ಸ್ ಸೇರಿ 13 ವರ್ಷಗಳಲ್ಲಿ 11 ಬಾರಿ ಎನ್‌ಬಿಎ ಕಿರೀಟ ಗೆದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಅಳತೆಗೋಲಿನಿಂದ ಲೆಮನ್‌ರನ್ನು ಅಳೆಯುವುದು ಸರಿಯಲ್ಲ.

ನಾರ್ತ್ ಕರೊಲಿನಾದ ಬಡ ಹುಡುಗ ಲೆಮನ್ ಸಿನಿಮಾ ಮಂದಿರದ ವಾರ್ತಾಚಿತ್ರದಲ್ಲಿ ಈ ತಂಡವನ್ನು ಕಂಡಾಗ ವಯಸ್ಸು ಹನ್ನೊಂದು. ಮನೆಗೆ ಬಂದು ಕೋಟ್ ಹ್ಯಾಂಗರಿನ ತಂತಿಗೆ ಈರುಳ್ಳಿ ಚೀಲ ಕಟ್ಟಿ ಬುಟ್ಟಿ ಮಾಡಿಕೊಂಡ. ಹಾಲಿನ ಖಾಲಿ ಡಬ್ಬಿಯೇ ಚೆಂಡು. ಆ ತಂಡ ಅವನಿಗೆ ಅವಮಾನವಾಗಿ ಕಾಣಲಿಲ್ಲ, ದಾರಿಯಾಗಿ ಕಂಡಿತು. 1950ರ ದಶಕದ ಮಧ್ಯದಿಂದ 1970ರ ದಶಕದ ಕೊನೆಯವರೆಗೆ ಅವರು ಅಲ್ಲಿ ಆಡಿದರು. ಇದೇ ತಂಡ 1951ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಸ್ಟೇಡಿಯಂನಲ್ಲಿ ಸುಮಾರು 75,000 ಜನರೆದುರು ಆಡಿತ್ತು. ಹೊರದೇಶದಲ್ಲಿ ಅಮೆರಿಕದ ರಾಯಭಾರಿಗಳಾದ ಈ ಆಟಗಾರರಿಗೆ ಸ್ವದೇಶದ ದಕ್ಷಿಣ ರಾಜ್ಯಗಳ ಎಷ್ಟೋ ಹೋಟೆಲುಗಳಲ್ಲಿ ಕೊಠಡಿ ಸಿಗುತ್ತಿರಲಿಲ್ಲ. ಸಂಬಳದ ತಕರಾರೂ ಇದ್ದೇ ಇತ್ತು. ಚೆಂಡು ಪುಟಿಸುವುದರಲ್ಲಿ ಸಾಟಿಯಿಲ್ಲದ ಮಾರ್ಕ್ವೆಸ್ ಹೇನ್ಸ್ 1953ರಲ್ಲಿ ಮುನಿಸಿಕೊಂಡು ಹೊರಬಂದರು. 1971ರಲ್ಲಿ ಆಟಗಾರರು ಮುಷ್ಕರವನ್ನೇ ಹೂಡಿದರು.

ಲೆಮನ್ 1986ರಲ್ಲಿ ಕ್ರೈಸ್ತ ಪಾದ್ರಿಯಾದರು. 2015ರ ಡಿಸೆಂಬರಿನಲ್ಲಿ ನಿಧನರಾದರು. 2003ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಕೀರ್ತಿಭವನ ಅವರನ್ನು ಸೇರಿಸಿಕೊಂಡಿತ್ತು. ಆಟಗಾರರ ವಿಭಾಗದಲ್ಲಲ್ಲ, ಆಟಕ್ಕೆ ಕೊಡುಗೆ ನೀಡಿದವರ ವಿಭಾಗದಲ್ಲಿ.